ಹೋಮರನ ದೇವತೆಗಳೂ ವೀರರೂ

ಕಳೆದ ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ, ಗ್ರೀಕರ ಮಹಾಕವಿ ಹೋಮರನ ‘ಇಲಿಯಡ್’ ಕಾವ್ಯದ ಕಥೆಯನ್ನು ನನ್ನ ಅಜ್ಜಿಗೆ ಹೇಳುವ ಪ್ರಸಂಗ ಬಂದಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಜ್ಜಿಗೆ ಅಕ್ಷರ ಬಾರದು. ಆದರೆ ಭಾರತದ ಕಥೆಯೆಲ್ಲ ಅವಳಿಗೆ ಬಾಯಿಪಾಠ. ಗ್ರೀಕರ ದೇವತೆಗಳು ಎರಡು ಪಕ್ಷವಾಗಿ ನಿಂತು ಮೋಸಮಾಡುವುದನ್ನೂ, ಒಬ್ಬರನ್ನೊಬ್ಬರು ಬೈದು ಹೊಡೆದಾಡುವುದನ್ನೂ ಕೇಳಿ ಅವಳು, “ದೇವರೇ ಹೀಗಾದರೆ ಮನುಷ್ಯರ ಗತಿ ಏನಪ್ಪ?” ಎಂದಳು. ಆಗ ನನಗೆ ಉತ್ತರ ತೋಚಲಿಲ್ಲ. ಆ ಉತ್ತರವನ್ನು ಹುಡುಕುತ್ತ ಓದಿದುದರ ಫಲವೇ ಈ ಲೇಖನ.

‘ಇಲಿಯಡ್’ ಮತ್ತು ‘ಒಡಿಸ್ಸಿ’ ಎಂಬ ಎರಡು ಮಹಾಕಾವ್ಯಗಳು ಹೋಮರನ ಹೆಸರಿನಲ್ಲಿ ಉಳಿದು ಬಂದಿವೆ. ಒಂದೊಂದರಲ್ಲಿಯೂ 24 ಸರ್ಗಗಳಿವೆ. ಮೊದಲನೆಯದರಲ್ಲಿ 15,000ಕ್ಕೂ, ಎರಡನೆಯದರಲ್ಲಿ 12,000ಕ್ಕೂ ಮೇಲ್ಪಟ್ಟ ಪಂಕ್ತಿಗಳಿವೆ. ಕ್ರಿ. ಪೂ. 8 ಅಥವಾ 7ನೆಯ ಶತಮಾನದಲ್ಲಿ ಇವು ಈಗಿನ ರೂಪವನ್ನು ತಾಳಿದುವೆಂದು ಬಹುಮಂದಿ ವಿದ್ವಾಂಸರ ಮತ. ಟ್ರಾಯ್ ನಗರದ ಮುತ್ತಿಗೆಯ ಹತ್ತನೆಯ ವರ್ಷದಲ್ಲಿ ನಡೆದ ಕೆಲವೇ ವಾರಗಳ ಕಥೆ ಇಲಿಯಡ್. ಆ ಯುದ್ಧ ಮುಗಿದ ಮೇಲೆ ಒಡಿಸ್ಯೂಸನು ಹತ್ತು ವರ್ಷ ಅಲೆದು ಮನೆ ಸೇರಿದ ಕಥೆ ಒಡಿಸ್ಸಿ. ಇವು ಓದಿನಲ್ಲಿ ಬೆಳೆದ ಕಾವ್ಯಗಳಲ್ಲ, ಹಾಡಿನಲ್ಲಿ ಬೆಳೆದವು. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸನು ಯುಗೊಸ್ಲಾವಿಯ ದೇಶದಲ್ಲಿ ಸಂಚರಿಸಿ, ಓದುಬರಹವಿಲ್ಲದ ಗಾಯಕರು ಸಾವಿರಾರು ಪಂಕ್ತಿಗಳ ಕಥೆಗಳನ್ನು ಹಾಡುತ್ತಿದ್ದುದನ್ನು ಧ್ವನಿಮುದ್ರಿಸಿಕೊಂಡನು. ಹೋಮರನಲ್ಲಿ ಮತ್ತೆ ಮತ್ತೆ ಬರುವ ವಿಶೇಷಣಗಳು ಅಂಥ ಗಾಯಕರ ಪರಂಪರೆಯ ಗುರುತುಗಳೆಂದು ಅವನು ತೋರಿಸಿದನು.

ಇನ್ನು ದೇವತೆಗಳ ವಿಚಾರ. ಇವರು ಹೋಮರನಿಗಿಂತಲೂ ಬಹಳ ಹಳಬರು. 1952ರಲ್ಲಿ ಮೈಕೇಲ್ ವೆಂಟ್ರಿಸ್ ಎಂಬ ತರುಣನು ‘ಲೀನಿಯರ್ ಬಿ’ ಎಂಬ ಪುರಾತನ ಲಿಪಿಯ ಗುಟ್ಟನ್ನು ಬಿಡಿಸಿದಾಗ, ಹೋಮರನಿಗಿಂತ ಶತಮಾನಗಳಷ್ಟು ಹಿಂದಿನ ಮಣ್ಣಿನ ಫಲಕಗಳಲ್ಲಿಯೂ ಜ್ಯೂಸ್, ಹೀರಾ, ಪೊಸೈಡನ್ ಇವರ ಹೆಸರುಗಳು ಕಂಡುಬಂದವು. ದೇವರಾಜನಾದ ಜ್ಯೂಸನ ಹೆಸರೂ ನಮ್ಮ ವೇದದ ‘ದ್ಯೌಸ್’ ಎಂಬ ಹೆಸರೂ ಒಂದೇ ಮೂಲದವು. ಆದರೆ ಈ ದೇವತೆಗಳು ಜಗತ್ತನ್ನು ಸೃಷ್ಟಿಸಿದವರಲ್ಲ. ಹೆಸಿಯಡ್ ಎಂಬ ಕವಿ ತನ್ನ ‘ಥಿಯೊಗೊನಿ’ಯಲ್ಲಿ ಹೇಳುವಂತೆ, ಮೊದಲು ಶೂನ್ಯ, ಆಮೇಲೆ ಭೂಮಿ, ಭೂಮಿಯಿಂದ ಆಕಾಶ, ಅವರ ಮಗ ಕ್ರೋನಸ್ ತಂದೆಯನ್ನು ತಳ್ಳಿ ಅರಸನಾದ, ಅವನನ್ನು ಅವನ ಮಗ ಜ್ಯೂಸ್ ತಳ್ಳಿದ. ಅನಂತರ ಅಣ್ಣತಮ್ಮಂದಿರು ಆಸ್ತಿಯನ್ನು ಪಾಲುಮಾಡಿಕೊಂಡಂತೆ ಮೂವರು ಸೋದರರು ಚೀಟಿ ಎತ್ತಿದರೆಂದು ಇಲಿಯಡ್ಡಿನಲ್ಲಿದೆ. ಜ್ಯೂಸನಿಗೆ ಆಕಾಶವೂ, ಪೊಸೈಡನನಿಗೆ ಸಮುದ್ರವೂ, ಹೇಡೀಸನಿಗೆ ಪಾತಾಳವೂ ಬಂದವು. ಭೂಮಿಯೂ ಒಲಿಂಪಸ್ ಪರ್ವತವೂ ಎಲ್ಲರಿಗೂ ಸೇರಿದ್ದು.

ಹಾಗಾದರೆ ಇವರಿಗೂ ಮನುಷ್ಯರಿಗೂ ವ್ಯತ್ಯಾಸವೇನು? ಆಸೆ, ಅಸೂಯೆ, ಕೋಪ, ಪಕ್ಷಪಾತ ಎಲ್ಲವೂ ಇವರಿಗೂ ಉಂಟು. ಶಕ್ತಿ ಹೆಚ್ಚೆಂಬುದು ನಿಜ. ಆದರೆ ಮುಖ್ಯವಾದ ಭೇದ ಒಂದೇ: ಇವರಿಗೆ ಮುಪ್ಪಿಲ್ಲ, ಸಾವಿಲ್ಲ. ಐದನೆಯ ಸರ್ಗದಲ್ಲಿ ಡಯೊಮಿಡೀಸ್ ಎಂಬ ವೀರನು ಆಫ್ರೊಡೈಟಿ ದೇವಿಯ ಕೈಯನ್ನು ಈಟಿಯಿಂದ ತಿವಿಯುತ್ತಾನೆ. ಅವಳು ಅಳುತ್ತ ಒಲಿಂಪಸ್ಸಿಗೆ ಓಡುತ್ತಾಳೆ. ತಾಯಿ ಗಾಯವನ್ನು ಒರೆಸಿದೊಡನೆ ಅದು ಮಾಯವಾಗುತ್ತದೆ. ಅಥೀನಾ ಮತ್ತು ಹೀರಾ ಗೇಲಿಮಾಡುತ್ತಾರೆ. ಅದೇ ಬಯಲಿನಲ್ಲಿ ಮನುಷ್ಯನಿಗೆ ತಗುಲಿದ ಈಟಿ ಹೀಗೆ ಮಾಯವಾಗುವುದಿಲ್ಲ. ಅವನು ಬಿದ್ದರೆ ಕವಿ ಅವನ ತಂದೆ ಯಾರು, ಊರು ಯಾವುದು, ಮನೆಯಲ್ಲಿ ಯಾರು ಕಾಯುತ್ತಿದ್ದರು ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತಾನೆ. ದೇವತೆಗಳ ಜಗಳ ನಗೆಯಲ್ಲಿ ಮುಗಿಯುತ್ತದೆ. ಮನುಷ್ಯರ ಜಗಳ ಚಿತೆಯಲ್ಲಿ ಮುಗಿಯುತ್ತದೆ.

ವೀರರು ಈ ಎರಡು ಲೋಕಗಳ ನಡುವೆ ನಿಂತವರು. ಅನೇಕರಿಗೆ ತಂದೆಯೋ ತಾಯಿಯೋ ದೇವತೆ. ಆದರೂ ಅವರು ಮರ್ತ್ಯರೇ. ಜ್ಯೂಸನ ಮಗನೇ ಆದ ಸಾರ್ಪೀಡನನು ಯುದ್ಧದಲ್ಲಿ ಸಾಯುವ ಗಳಿಗೆ ಬಂದಾಗ, ಮಗನನ್ನು ಉಳಿಸಿಕೊಳ್ಳಲೇ ಎಂದು ಜ್ಯೂಸನು ಯೋಚಿಸುತ್ತಾನೆ. ನೀನು ಹಾಗೆ ಮಾಡಿದರೆ ಉಳಿದ ದೇವತೆಗಳೂ ತಮ್ಮ ತಮ್ಮ ಮಕ್ಕಳನ್ನು ಉಳಿಸಲು ಹೊರಡುವರೆಂದು ಹೀರಾ ಎಚ್ಚರಿಸುತ್ತಾಳೆ. ದೇವರಾಜನು ರಕ್ತದ ಹನಿಗಳನ್ನು ಮಳೆಯಾಗಿ ಸುರಿಸುತ್ತಾನೆ. ಮಗನನ್ನು ಮಾತ್ರ ಉಳಿಸುವುದಿಲ್ಲ. ನಿದ್ರೆ ಮತ್ತು ಮೃತ್ಯು ಎಂಬ ಅವಳಿ ಸೋದರರು ಶವವನ್ನು ಅವನ ನಾಡಿಗೆ ಒಯ್ಯುತ್ತಾರೆ.

ಅಕಿಲೀಸನ ವಿಷಯ ಇನ್ನೂ ತೀಕ್ಷ್ಣವಾದದ್ದು. ಅವನ ತಾಯಿ ಥೆಟಿಸ್ ಸಮುದ್ರದೇವತೆ, ತಂದೆ ಪೀಲಿಯಸ್ ಮನುಷ್ಯ. ಟ್ರಾಯ್‌ನಲ್ಲಿ ನಿಂತು ಕಾದಿದರೆ ಅಲ್ಪಾಯುಸ್ಸು ಮತ್ತು ಅಳಿಯದ ಕೀರ್ತಿ. ಮನೆಗೆ ಮರಳಿದರೆ ದೀರ್ಘಾಯುಸ್ಸು, ಕೀರ್ತಿಯಿಲ್ಲ. ಇವೆರಡರಲ್ಲಿ ಒಂದನ್ನು ಅವನು ಆರಿಸಿಕೊಳ್ಳಬೇಕು. ಇಂಥ ಆಯ್ಕೆ ಯಾವ ದೇವತೆಗೂ ಒದಗುವುದಿಲ್ಲ. ಸಾವಿಲ್ಲದವನಿಗೆ ಕಳೆದುಕೊಳ್ಳುವುದಕ್ಕೆ ಏನಿದೆ? ಏನನ್ನೂ ಕಳೆದುಕೊಳ್ಳಲಾರದವನ ಧೈರ್ಯ ಧೈರ್ಯವೆನಿಸೀತೆ? ಒಡಿಸ್ಸಿಯಲ್ಲಿಯೂ ಇದೇ ಮಾತು ಬೇರೆ ಬಗೆಯಲ್ಲಿ ಬರುತ್ತದೆ. ಕ್ಯಾಲಿಪ್ಸೊ ಎಂಬ ದೇವತೆ ಒಡಿಸ್ಯೂಸನನ್ನು ಏಳು ವರ್ಷ ತನ್ನ ದ್ವೀಪದಲ್ಲಿ ಇರಿಸಿಕೊಂಡು, ತನ್ನೊಡನೆ ನಿಂತರೆ ಅಮರತ್ವ ಕೊಡುವೆನೆನ್ನುತ್ತಾಳೆ. ಅವನು ಅದನ್ನು ಬೇಡವೆಂದು, ಮುಪ್ಪು ಬರುವ ಹೆಂಡತಿಯನ್ನೂ ಕಲ್ಲುಗುಡ್ಡಗಳ ಇಥಾಕವನ್ನೂ ಬಯಸಿ ತೆಪ್ಪವನ್ನೇರುತ್ತಾನೆ.

ಹೋಮರನ ತರುವಾಯದ ನಾಟಕಕಾರರೂ ಈ ಎಳೆಯನ್ನು ಹಿಡಿದರು. ಸೋಫೊಕ್ಲೀಸನ ‘ಏಜಾಕ್ಸ್’ ನಾಟಕದಲ್ಲಿ, ಅಥೀನಾ ದೇವಿಯು ವೀರನಾದ ಏಜಾಕ್ಸನಿಗೆ ಹುಚ್ಚು ಹಿಡಿಸಿ, ನಿನ್ನ ವೈರಿಯ ಸ್ಥಿತಿಯನ್ನು ನೋಡಿ ನಗು ಎಂದು ಒಡಿಸ್ಯೂಸನನ್ನು ಕರೆಯುತ್ತಾಳೆ. ಅವನು ನಗುವುದಿಲ್ಲ, ತನಗೂ ನಾಳೆ ಇದೇ ಗತಿ ಬರಬಹುದೆಂದು ಮರುಗುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಕನ್ನಡಕ್ಕೆ ಕೊಟ್ಟ ‘ಅಶ್ವತ್ಥಾಮನ್’ ಈ ನಾಟಕವನ್ನೇ ಆಧರಿಸಿದುದೆಂಬುದನ್ನು ಇಲ್ಲಿ ಸ್ಮರಿಸಬಹುದು.

ಈ ದೇವತೆಗಳಿಗೆ ಕನಿಕರವೇ ಇಲ್ಲವೆಂದಲ್ಲ. ಇಲಿಯಡ್ಡಿನ ಕೊನೆಯ ಸರ್ಗವೇ ಇದಕ್ಕೆ ಸಾಕ್ಷಿ. ಅಕಿಲೀಸನು ತನ್ನ ಗೆಳೆಯನನ್ನು ಕೊಂದ ಹೆಕ್ಟರನನ್ನು ಕೊಂದು, ಶವವನ್ನು ರಥಕ್ಕೆ ಕಟ್ಟಿ ಎಳೆಯುತ್ತಾನೆ. ಅದನ್ನು ಒಪ್ಪಿಸಬೇಕೆಂದು ಜ್ಯೂಸನೇ ಆಜ್ಞೆ ಕಳಿಸುತ್ತಾನೆ. ಆದರೆ ದುಃಖವನ್ನು ಹಂಚಿಕೊಳ್ಳುವ ಕೆಲಸ ಮನುಷ್ಯರದೇ. ಹೆಕ್ಟರನ ತಂದೆ, ಮುದುಕನಾದ ಪ್ರಿಯಾಮ್ ರಾಜನು ರಾತ್ರಿಯಲ್ಲಿ ಶತ್ರುವಿನ ಬೀಡಿಗೆ ಬಂದು, ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಟ್ಟು, ನಿನ್ನ ತಂದೆಯನ್ನು ನೆನೆದುಕೋ ಎಂದು ಬೇಡುತ್ತಾನೆ. ಮುದುಕನು ಮಗನಿಗಾಗಿ, ತರುಣನು ತನ್ನನ್ನು ಇನ್ನು ಕಾಣಲಾರದ ತಂದೆಗಾಗಿಯೂ ಸತ್ತ ಗೆಳೆಯನಿಗಾಗಿಯೂ, ಒಟ್ಟಿಗೆ ಕುಳಿತು ಅಳುತ್ತಾರೆ. ಹನ್ನೊಂದು ದಿನ ಯುದ್ಧ ನಿಲ್ಲಿಸುವೆನೆಂದು ಅಕಿಲೀಸನು ಮಾತು ಕೊಡುತ್ತಾನೆ. ಟ್ರಾಯ್‌ನ ಪತನದಿಂದಲ್ಲ, ಶತ್ರುವಾದ ಹೆಕ್ಟರನ ಅಂತ್ಯಕ್ರಿಯೆಯಿಂದ ಈ ಯುದ್ಧಕಾವ್ಯ ಮುಗಿಯುತ್ತದೆ.

ಅಜ್ಜಿಯ ಪ್ರಶ್ನೆಗೆ ಹೋಮರನ ಉತ್ತರ ಇದೇ ಇರಬೇಕು. ಶಾಶ್ವತವಾಗಿ ಬಾಳುವವರು ನಮ್ಮ ದುಃಖವನ್ನು ನೋಡಬಲ್ಲರು, ಒಮ್ಮೊಮ್ಮೆ ಮರುಗಲೂ ಬಲ್ಲರು. ಅದನ್ನು ನಮ್ಮೊಡನೆ ಹೊರಲಾರರು. ಸಾಯುವವರಿಗೆ ಸಾಯುವವರೇ ದಿಕ್ಕು.

ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಈ ಕೊನೆಯ ಸರ್ಗವನ್ನು ಅಜ್ಜಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಆ ಮುದುಕಪ್ಪ ಹೊಟ್ಟೆಗೆ ಏನಾದರೂ ಹಾಕಿಕೊಂಡನೇನಪ್ಪ?” ಎಂದು ಕೇಳಿದಳು. ನಾನು ಆ ಭಾಗವನ್ನು ಹೇಳದೆ ಬಿಟ್ಟಿದ್ದೆ. ಪುಸ್ತಕ ತೆರೆದು ನೋಡಿದೆ. ಅಕಿಲೀಸನು ತಾನೇ ಎದ್ದು ಕುರಿ ಕೊಯ್ದು ಅಡುಗೆ ಮಾಡಿಸಿ ಬಡಿಸುತ್ತಾನೆ. ಮಗ ಸತ್ತಂದಿನಿಂದ ತುತ್ತು ಮುಟ್ಟದಿದ್ದ ಪ್ರಿಯಾಮನು ಆ ರಾತ್ರಿ ಉಣ್ಣುತ್ತಾನೆ. “ಉಂಡ, ಅಜ್ಜಿ” ಎಂದೆ. “ಹಾಗಾದರೆ ಸರಿ” ಎಂದು ಅವಳು ದೀಪವನ್ನು ಸಣ್ಣಗೆ ಮಾಡಿದಳು.