ಕಳ್ಳನಲ್ಲದವನಿಗೆ ಕಳ್ಳನ ಪಟ್ಟ

2009ನೆಯ ಇಸವಿ ಜನವರಿ 31, ಶನಿವಾರ. ಭಾರತದಲ್ಲಿ ಆಗ ರಾತ್ರಿ ಎಂಟು ಗಂಟೆಯ ಸಮಯ. ಗೂಗಲ್ ಶೋಧಯಂತ್ರದಲ್ಲಿ ಯಾರು ಏನನ್ನು ಹುಡುಕಿದರೂ, ದೊರೆತ ಪ್ರತಿಯೊಂದು ತಾಣದ ಜೊತೆಗೂ ಒಂದೇ ಎಚ್ಚರಿಕೆ ಕಾಣಿಸತೊಡಗಿತು: ಈ ತಾಣದಿಂದ ನಿಮ್ಮ ಕಂಪ್ಯೂಟರಿಗೆ ಹಾನಿಯಾಗಬಹುದು! ಪತ್ರಿಕೆಗಳು, ವಿಶ್ವವಿದ್ಯಾನಿಲಯಗಳು, ಬ್ಯಾಂಕುಗಳು, ಸರ್ಕಾರಿ ಕಚೇರಿಗಳು ಯಾವುವೂ ಇದಕ್ಕೆ ಹೊರತಾಗಲಿಲ್ಲ. ನಡೆದುದಿಷ್ಟೆ. ಅಪಾಯಕಾರಿ ವಿಳಾಸಗಳ ಪಟ್ಟಿಯನ್ನು ಪರಿಷ್ಕರಿಸುವಾಗ ಯಾರದೋ ಕೈತಪ್ಪಿನಿಂದ ಬರಿಯ ಒಂದು ಓರೆಗೆರೆ ಆ ಪಟ್ಟಿಯೊಳಗೆ ಸೇರಿಬಿಟ್ಟಿತ್ತು. ಓರೆಗೆರೆಯಿಲ್ಲದ ವಿಳಾಸವಾದರೂ ಲೋಕದಲ್ಲಿ ಎಲ್ಲಿದೆ? ಹೀಗಾಗಿ ಲೋಕಕ್ಕೆ ಲೋಕವೇ ಅಪರಾಧಿಯಾಯಿತು.

ಎಲ್ಲರೂ ಒಟ್ಟಿಗೆ ಕೂಗಿಕೊಂಡುದರಿಂದ ಆ ತಪ್ಪು ಒಂದು ಗಂಟೆಯೊಳಗಾಗಿ ತಿದ್ದಿಹೋಯಿತು. ಆದರೆ ಅದೇ ಪಟ್ಟ ಒಬ್ಬನೇ ಒಬ್ಬ ಕಸುಬುದಾರನ ತಲೆಯ ಮೇಲೆ ಬಂದು ಕುಳಿತರೆ? ಅವನ ಪರವಾಗಿ ಕೂಗುವವರು ಯಾರು?

ಕಂಪ್ಯೂಟರ್ ಆಟವೆಂದರೆ ನೂರಾರು ಮಂದಿ ಸೇರಿ, ಕೋಟಿಗಟ್ಟಲೆ ಹಣ ಸುರಿದು ಕಟ್ಟುವ ವಸ್ತುವೆಂದು ಅನೇಕ ಗೃಹಸ್ಥರು ತಿಳಿದಿರುವರು. ಅದು ಅರ್ಧ ಸತ್ಯ. ಒಬ್ಬಿಬ್ಬರೇ ಕುಳಿತು ಕಟ್ಟುವ ಆಟಗಳೂ ಸಾವಿರಾರು ಇವೆ. ಹಗಲಿನಲ್ಲಿ ಬೇರೊಂದು ಉದ್ಯೋಗ ಮಾಡಿ, ಮನೆಯವರೆಲ್ಲ ಮಲಗಿದ ಮೇಲೆ ಕಥೆ, ಚಿತ್ರ, ಸಂಗೀತ, ಗಣಿತ ಎಲ್ಲವನ್ನೂ ತಾವೇ ಹೊಂದಿಸಿಕೊಂಡು ಎರಡು ಮೂರು ವರ್ಷಗಳಲ್ಲಿ ಒಂದು ಆಟವನ್ನು ಮುಗಿಸುವ ಇಂಥವರನ್ನು ‘ಇಂಡೀ’ ನಿರ್ಮಾಪಕರೆಂದು ಕರೆಯುವುದು ವಾಡಿಕೆ. ಅವರ ಸರಕು ಮಾರಾಟವಾಗುವ ಅಂಗಡಿಗಳಲ್ಲಿ ಎರಡು ಪ್ರಸಿದ್ಧವಾದುವು. ಒಂದು, ಅಮೆರಿಕದ ವಾಲ್ವ್ ಕಂಪೆನಿಯ ‘ಸ್ಟೀಮ್’. ಇನ್ನೊಂದು, ಲೀಫ್ ಕೊರ್ಕೊರನ್ ಎಂಬವರು 2013ರಲ್ಲಿ ತೆರೆದ ‘ಇಚ್ ಡಾಟ್ ಐಓ’. ಸ್ಟೀಮಿನಲ್ಲಿ ಆಟವೊಂದಕ್ಕೆ 100 ಡಾಲರ್ ಶುಲ್ಕ ತೆರಬೇಕು; ಇಚ್‌ನಲ್ಲಿ ಪ್ರವೇಶ ಧರ್ಮಾರ್ಥ. ಆದುದರಿಂದಲೇ ಕೈಯಲ್ಲಿ ಕಾಸಿಲ್ಲದವರು ಮೊದಲು ಬಂದು ಸೇರುವುದು ಅಲ್ಲಿಗೆ.

ಆಟ ಸಿದ್ಧವಾಯಿತು, ಅಂಗಡಿಗೆ ಹೋಯಿತು. ಯಾವನೋ ಒಬ್ಬ ಗಿರಾಕಿ ಅದನ್ನು ಇಳಿಸಿಕೊಂಡು ತೆರೆಯಹೊರಟನು. ಆಟದ ಬದಲು ಅವನಿಗೆ ಕಾಣುವುದು ವಿಂಡೋಸ್ ಒಡ್ಡುವ ಒಂದು ನೀಲಿ ಚೌಕ: ನಿಮ್ಮ ಕಂಪ್ಯೂಟರನ್ನು ರಕ್ಷಿಸಲಾಗಿದೆ. ಇಲ್ಲವೇ ಆಂಟಿವೈರಸ್ ಎಂಬ ಕಾವಲುಗಾರ ಆ ಕಡತವನ್ನು ಹೇಳದೆ ಕೇಳದೆ ಸೆರೆಗೆ ತಳ್ಳಿರುತ್ತದೆ. ಕಂಪ್ಯೂಟರಿನೊಳಗೆ ನುಸುಳಿ ಪಾಸ್‌ವರ್ಡುಗಳನ್ನೂ ಹಣವನ್ನೂ ಕದಿಯುವ ಕುತಂತ್ರಾಂಶಗಳ ಸಾಲಿನಲ್ಲಿ ಆ ಬಡಪಾಯಿ ಆಟವೂ ನಿಂತಿರುತ್ತದೆ. ಗಿರಾಕಿ ಹೆದರಿ ಅದನ್ನು ಅಳಿಸುತ್ತಾನೆ. ಅಷ್ಟಕ್ಕೇ ಸುಮ್ಮನಿದ್ದರೆ ಪುಣ್ಯ. ‘ಇದರಲ್ಲಿ ವೈರಸ್ ಇದೆ’ ಎಂದು ಅಂಗಡಿಯ ಪುಟದಲ್ಲಿ ನಾಲ್ಕು ಜನಕ್ಕೆ ಕಾಣುವಂತೆ ಒಂದು ಸಾಲು ಬರೆದು ಹೋದನೆಂದರೆ, ಮೂರು ವರ್ಷಗಳ ನಿದ್ದೆಗೇಡು ಮೂರು ನಿಮಿಷಗಳಲ್ಲಿ ನೀರುಪಾಲು.

ಕಾವಲುಗಾರನ ಕಣ್ಣು

ಈ ಕಾವಲುಗಾರ ಕಳ್ಳರನ್ನು ಗುರುತಿಸುವ ಬಗೆ ಹೇಗೆ? ಹಳೆಯ ವಿಧಾನ ಸರಳವಾದುದು. ಸಿಕ್ಕಿಬಿದ್ದ ಕುತಂತ್ರಾಂಶಗಳ ಬೆರಳಚ್ಚನ್ನು ಸಂಗ್ರಹಿಸಿಟ್ಟುಕೊಂಡು, ಬಂದ ಕಡತಗಳನ್ನೆಲ್ಲ ಅದಕ್ಕೆ ಹೋಲಿಸಿ ನೋಡುವುದು. ಕಳ್ಳರೇನು ದಡ್ಡರೇ? ಒಬ್ಬೊಬ್ಬ ಬಲಿಗೂ ತಮ್ಮ ಸರಕನ್ನು ತುಸು ಮಾರ್ಪಡಿಸಿ ಹೊಸ ಬೆರಳಚ್ಚಿನೊಡನೆ ಕಳಿಸತೊಡಗಿದರು. ಆಗ ಕಾವಲುಗಾರನೂ ವಿದ್ಯೆ ಬದಲಾಯಿಸಬೇಕಾಯಿತು. ಕಡತದ ನಡೆನುಡಿ, ಮೈಕಟ್ಟುಗಳನ್ನು ನೋಡಿ ಊಹಿಸುವ ಪದ್ಧತಿ ಬಂದಿತು; ಕೋಟ್ಯಂತರ ಮಾದರಿಗಳಿಂದ ಯಂತ್ರವೇ ಕಲಿತು ತೀರ್ಪುಕೊಡುವ ಪದ್ಧತಿ ಬಂದಿತು. ಮೈಕ್ರೋಸಾಫ್ಟಿನ ಡಿಫೆಂಡರ್ ಹೊರಿಸುವ ‘ವಾಕಟ್ಯಾಕ್’ ಎಂಬ ಆರೋಪ ಇಂಡೀ ನಿರ್ಮಾಪಕರಿಗೆ ಚಿರಪರಿಚಿತ. ಆ ಹೆಸರಿನ ತುದಿಯಲ್ಲಿ ‘ಎಂ ಎಲ್’ ಎಂಬ ಎರಡಕ್ಷರಗಳಿದ್ದರೆ, ತೀರ್ಪು ಕೊಟ್ಟುದು ಕಲಿತ ಯಂತ್ರವೆಂದು ಅರ್ಥ. ಏಕೆ ಹೀಗೆ ತೀರ್ಪಿತ್ತಿರಿ ಎಂದು ಕೇಳಿದರೆ ಅದಕ್ಕೆ ಬಾಯಿಲ್ಲ.

ಇವೆರಡಕ್ಕೂ ಮೇಲೆ ಮೂರನೆಯದೊಂದಿದೆ: ಕೀರ್ತಿ. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೊದಲುಗೊಂಡು ‘ಸ್ಮಾರ್ಟ್‌ಸ್ಕ್ರೀನ್’ ಎಂಬ ವ್ಯವಸ್ಥೆ ಕಂಪ್ಯೂಟರಿನ ಬಾಗಿಲಲ್ಲೇ ನಿಂತು, ಈ ಕಡತವನ್ನು ಈ ಹಿಂದೆ ಎಷ್ಟು ಜನ ಕೇಡಿಲ್ಲದೆ ಬಳಸಿದ್ದಾರೆಂದು ವಿಚಾರಿಸುತ್ತದೆ. ಬಹಳ ಮಂದಿ ಬಳಸಿದ್ದರೆ ಸುಗಮ. ಯಾರೂ ಕಂಡಿಲ್ಲದ ಕಡತವಾದರೆ ಅನುಮಾನ. ತರ್ಕ ಸರಿಯಾದುದೇ. ಆದರೆ ಅಪರಿಚಿತ ನಿರ್ಮಾಪಕನ ಆಟ ಬಿಡುಗಡೆಯಾದ ದಿನ ಇರುವುದೇ ಹಾಗೆ! ಹೊಸತು, ಅಪರೂಪ, ಹಿಂದುಮುಂದಿಲ್ಲದ್ದು. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಮೊದಲ ದಿನವೇ ಲಕ್ಷ ಪ್ರತಿ ಮಾರುವ ದೊಡ್ಡ ಕಂಪೆನಿಗೆ ಈ ಅಡಚಣೆ ತಿಳಿಯುವುದೇ ಇಲ್ಲ. ಯಾವನ ಬಳಿ ಗಿರಾಕಿಗಳಿಲ್ಲವೋ ಅವನಿಗೆ ಗಿರಾಕಿಗಳು ಬಾರದಂತೆ ಮಾಡುವ ನ್ಯಾಯವಿದು.

ಮಹಾಭಾರತದ ಮಾಂಡವ್ಯ ಋಷಿಯ ಕಥೆಯನ್ನು ವಾಚಕರು ಕೇಳಿರಬಹುದು. ಮೌನವ್ರತದಲ್ಲಿದ್ದ ಋಷಿಯ ಆಶ್ರಮದಲ್ಲಿ ಕಳ್ಳರು ಕದ್ದ ಮಾಲನ್ನಿಟ್ಟು ತಾವೂ ಅಡಗಿಕೊಂಡರು. ಬೆನ್ನಟ್ಟಿ ಬಂದ ರಾಜಭಟರು ಮಾಲನ್ನು ಕಂಡು, ಋಷಿಯೂ ಆ ಗುಂಪಿನವನೇ ಎಂದು ಬಗೆದರು. ಕೊನೆಗೆ ಅವನಿಗೂ ಶೂಲವೇ ಪ್ರಾಪ್ತವಾಯಿತು. ಇಲ್ಲಿಯೂ ಅದೇ ಪ್ರಕರಣ. ಪೈಥಾನ್ ಎಂಬ ಭಾಷೆಯಲ್ಲಿ ಆಟ ಬರೆದವರು ಅದನ್ನು ‘ಪೈಇನ್‌ಸ್ಟಾಲರ್’ ಎಂಬ ಉಚಿತ ಸಾಧನದಿಂದ ಒಂದೇ ಕಡತವಾಗಿ ಗಂಟುಕಟ್ಟುವುದುಂಟು. ಗಂಟನ್ನು ಬಿಚ್ಚುವ ಮೊದಲ ತುಣುಕು ಎಲ್ಲರ ಗಂಟಿನಲ್ಲಿಯೂ ಹೆಚ್ಚು ಕಡಮೆ ಒಂದೇ. ಕಳ್ಳರಿಗೂ ಅದೇ ಸಾಧನ ಪ್ರಿಯವಾದುದು, ಏಕೆಂದರೆ ಅದು ಸುಲಭ, ಬಿಟ್ಟಿ. ಕಳ್ಳನ ಗಂಟಿನ ಗುರುತನ್ನು ಕಾವಲುಗಾರ ಪಟ್ಟಿಗೆ ಸೇರಿಸಿಕೊಂಡನೆಂದರೆ ಸಜ್ಜನನ ಗಂಟೂ ಅದೇ ಬಲೆಗೆ ಬೀಳುತ್ತದೆ.

ಒಬ್ಬ ಕಾವಲುಗಾರ ತಪ್ಪಿದರೆ ಉಳಿದವರು ತಿದ್ದುವರೆಂಬ ಭರವಸೆಯೂ ಇಲ್ಲ. 2004ರಲ್ಲಿ ಸ್ಪೇನಿನ ಮಾಲಗ ನಗರದಲ್ಲಿ ಹುಟ್ಟಿ 2012ರಲ್ಲಿ ಗೂಗಲ್ಲಿನ ವಶಕ್ಕೆ ಬಂದ ‘ವೈರಸ್‌ಟೋಟಲ್’ ಎಂಬ ತಾಣದಲ್ಲಿ ಒಂದು ಕಡತವನ್ನಿಟ್ಟರೆ ಸುಮಾರು 70 ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ದೊರೆಯುತ್ತದೆ. ರಷ್ಯದ ಕ್ಯಾಸ್ಪರ್ಸ್ಕಿ ಸಂಸ್ಥೆ ಒಂದು ಚಮತ್ಕಾರದ ಪರೀಕ್ಷೆ ನಡೆಸಿ 2010ರಲ್ಲಿ ಅದರ ಫಲವನ್ನು ಪ್ರಕಟಿಸಿತು. ಏನೂ ಕೇಡಿಲ್ಲದ 20 ಕಡತಗಳನ್ನು ತಾನೇ ತಯಾರಿಸಿ, ಅವುಗಳಲ್ಲಿ 10ಕ್ಕೆ ಬೇಕೆಂದೇ ಕಳ್ಳನ ಪಟ್ಟ ಕಟ್ಟಿ ವೈರಸ್‌ಟೋಟಲ್‌ನಲ್ಲಿರಿಸಿತು. ಹತ್ತು ದಿನ ಕಳೆಯುವುದರೊಳಗೆ 14ರವರೆಗೆ ಬೇರೆ ಕಂಪೆನಿಗಳು ಅದೇ ಪಟ್ಟವನ್ನು ತಾವೂ ಕಟ್ಟಿದ್ದುವು! ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆಯುವ ಹುಡುಗರು ಸಿಕ್ಕಿಬೀಳುವುದು ಹೀಗೆಯೇ, ತಪ್ಪುಗಳೂ ಒಂದೇ ಆಗಿರುವುದರಿಂದ.

ದೊಡ್ಡವರ ಮನೆಗೂ ಈ ಪೀಡೆ ತಟ್ಟಿದೆ. 2010ರ ಏಪ್ರಿಲ್ 21ರಂದು ಮೆಕಾಫಿ ಆಂಟಿವೈರಸ್, ವಿಂಡೋಸ್ ಎಕ್ಸ್‌ಪಿಯ ಜೀವಾಳವಾದ ಒಂದು ಕಡತವನ್ನೇ ಕುತಂತ್ರಾಂಶವೆಂದು ಭ್ರಮಿಸಿ ಹಿಡಿದುಹಾಕಿತು. ಆಸ್ಪತ್ರೆ, ಕಚೇರಿಗಳ ಕಂಪ್ಯೂಟರುಗಳು ತಾವೇ ಆರಿ ಹೊತ್ತಿ ನಿಷ್ಪ್ರಯೋಜಕವಾದುವು. ಆಸ್ಟ್ರೇಲಿಯದ ಕೋಲ್ಸ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆ ಕೆಲವು ಮಳಿಗೆಗಳ ಬಾಗಿಲನ್ನೇ ಹಾಕಬೇಕಾಯಿತು. 2012ರ ಸೆಪ್ಟೆಂಬರಿನಲ್ಲಿ ಸೋಫೋಸ್ ಎಂಬ ಆಂಟಿವೈರಸ್ ತನ್ನ ಅಂಗವೊಂದನ್ನೇ ಕಳ್ಳನೆಂದು ಹಿಡಿದುಕೊಂಡಿತು. ಈ ಪ್ರಮಾದಗಳೆಲ್ಲ ಬೇಗನೆ ಬೆಳಕಿಗೆ ಬಂದು ಪರಿಹಾರವಾದುವು. ನೊಂದವರ ಸಂಖ್ಯೆ ದೊಡ್ಡದಾಗಿತ್ತು.

ಕಳ್ಳರೂ ಇರುವರು

ಹಾಗೆಂದು ಕಾವಲುಗಾರನನ್ನೇ ಮನೆಗೆ ಕಳುಹಿಸುವಂತಿಲ್ಲ. 2025ರ ಫೆಬ್ರವರಿಯಲ್ಲಿ ಸ್ಟೀಮಿನಂಥ ಪ್ರತಿಷ್ಠಿತ ಅಂಗಡಿಯಿಂದಲೇ ‘ಪೈರೇಟ್‌ಫೈ’ ಎಂಬ ಆಟವನ್ನು ಕುತಂತ್ರಾಂಶವಿದ್ದ ಕಾರಣ ಕಿತ್ತುಹಾಕಬೇಕಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಬ್ಲಾಕ್‌ಬ್ಲಾಸ್ಟರ್ಸ್’ ಎಂಬ ಇನ್ನೊಂದು ಆಟ, ಕ್ಯಾನ್ಸರ್ ಚಿಕಿತ್ಸೆಗೆಂದು ರೋಗಿಯೊಬ್ಬನು ಜನರಿಂದ ಕೂಡಿಸಿದ್ದ 30,000 ಡಾಲರಿಗೂ ಮಿಕ್ಕ ಹಣವನ್ನು ದೋಚಿತು. ಇಂಡೀ ನಿರ್ಮಾಪಕರ ಅಚ್ಚುಮೆಚ್ಚಿನ ಉಚಿತ ಸಾಧನವಾದ ‘ಗೋಡೋ’ವನ್ನು ಬಳಸಿಕೊಂಡು ದುಷ್ಟರು 17,000ಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಸೋಂಕು ಹಚ್ಚಿದ್ದರೆಂದು 2024ರ ನವೆಂಬರಿನಲ್ಲಿ ಚೆಕ್ ಪಾಯಿಂಟ್ ಸಂಸ್ಥೆ ವರದಿ ಮಾಡಿತು. ಸ್ನೇಹಿತನ ಸೋಗಿನಲ್ಲಿ ಬಂದು, ‘ನಾನೊಂದು ಆಟ ಮಾಡಿದ್ದೇನೆ, ಆಡಿ ನೋಡುವೆಯಾ?’ ಎಂದು ಕೇಳಿ ಲೂಟಿಮಾಡುವ ವಂಚಕರ ಹಾವಳಿಯೂ ಉಂಟು.

ನಿಜವಾದ ಸಂಕಟವಿರುವುದು ಇಲ್ಲಿಯೇ. ‘ಇದು ಸುಳ್ಳು ಎಚ್ಚರಿಕೆ, ಆಂಟಿವೈರಸ್ಸನ್ನು ಆರಿಸಿ ಆಟ ತೆರೆಯಿರಿ’ ಎಂದು ಸಜ್ಜನನು ಹೇಳುವ ಮಾತನ್ನೇ ಕಳ್ಳನೂ ಅಕ್ಷರಶಃ ಹೇಳುತ್ತಾನೆ. ಪ್ರಾಮಾಣಿಕನು ತನ್ನ ಪ್ರಾಮಾಣಿಕತೆಯನ್ನು ಯಾವ ಮಾತಿನಿಂದ ತಿಳಿಸಬೇಕು?

ಮಾತಿಗೆ ಬದಲಾಗಿ ಮುದ್ರೆಯೊಂದಿದೆ. ಮಾನ್ಯತೆ ಪಡೆದ ಸಂಸ್ಥೆಗೆ ತನ್ನ ಗುರುತಿನ ಪತ್ರಗಳನ್ನು ಒಪ್ಪಿಸಿ, ಶುಲ್ಕ ಕಟ್ಟಿ, ಡಿಜಿಟಲ್ ಸಹಿಯನ್ನು ಪಡೆದು ಆಟದ ಮೇಲೆ ಒತ್ತಬಹುದು. ಇದಕ್ಕೆ ವರ್ಷಕ್ಕೆ ನೂರಾರು ಡಾಲರ್ ವೆಚ್ಚವಾಗುವುದುಂಟು. 2023ರ ಜೂನಿನಿಂದ ಸಹಿಯ ಗುಪ್ತ ಕೀಲಿಯನ್ನು ಪ್ರತ್ಯೇಕವಾದ ಭದ್ರ ಯಂತ್ರಭಾಗದಲ್ಲಿಯೇ ಇಡಬೇಕೆಂಬ ನಿಯಮವೂ ಸೇರಿಕೊಂಡಿತು. ಹೆಚ್ಚು ಬೆಲೆಯ ಸಹಿಯನ್ನು ಕೊಂಡವರಿಗೆ ಮೊದಲು ನೀಲಿ ಚೌಕದ ಕಾಟ ಒಡನೆಯೇ ತಪ್ಪುತ್ತಿತ್ತು; 2024ರಲ್ಲಿ ಮೈಕ್ರೋಸಾಫ್ಟ್ ಆ ವಿಶೇಷ ಸೌಲಭ್ಯವನ್ನೂ ತೆಗೆದುಹಾಕಿತು. ಆಪಲ್ ಕಂಪ್ಯೂಟರಿಗಾಗಿ ಆಟ ಮಾಡುವವರು ವರ್ಷಕ್ಕೆ 99 ಡಾಲರ್ ಕಟ್ಟಿ, ಆಟವನ್ನು ಆಪಲ್ಲಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಉಚಿತವಾಗಿ ಹಂಚಲು ಒಂದು ಪುಟ್ಟ ಆಟ ಮಾಡಿದ ವಿದ್ಯಾರ್ಥಿಗೆ ಈ ಲೆಕ್ಕಾಚಾರ ಹೇಗೆ ಸರಿಹೋದೀತು?

ಒಂದೊಮ್ಮೆ ಸರಕು ಮಾತ್ರವಲ್ಲ, ಅಂಗಡಿಯೇ ಕಳ್ಳರ ಸಾಲಿಗೆ ಬಿದ್ದದ್ದೂ ಉಂಟು. 2024ರ ಡಿಸೆಂಬರ್ 9ರಂದು ಇಚ್ ಡಾಟ್ ಐಓ ತಾಣ ಕೆಲವು ಗಂಟೆಗಳ ಕಾಲ ಅಂತರ್ಜಾಲದಿಂದಲೇ ಮಾಯವಾಯಿತು. ಫಂಕೋ ಎಂಬ ಬೊಂಬೆ ಕಂಪೆನಿಯ ಪರವಾಗಿ ಅದರ ಹೆಸರಿನ ದುರುಪಯೋಗವನ್ನು ಪತ್ತೆಹಚ್ಚುವ ಬ್ರಾಂಡ್‌ಶೀಲ್ಡ್ ಸಂಸ್ಥೆಯು, ಬಳಕೆದಾರನೊಬ್ಬನು ರಚಿಸಿದ್ದ ಒಂದೇ ಒಂದು ಪುಟದ ಮೇಲೆ ವಂಚನೆಯ ದೂರು ಸಲ್ಲಿಸಿತ್ತು. ಆ ಪುಟವನ್ನು ತೆಗೆದುಹಾಕಿದ ಮೇಲೂ, ವಿಳಾಸವನ್ನು ನೋಂದಾಯಿಸಿದ್ದ ಸಂಸ್ಥೆಯು ಇಡೀ ತಾಣವನ್ನು ಸ್ಥಗಿತಗೊಳಿಸಿತೆಂದು ಕೊರ್ಕೊರನ್ ತಿಳಿಸಿದರು. ತಾಣವನ್ನು ಮುಚ್ಚಿಸೆಂದು ತಾನು ಕೇಳಿರಲಿಲ್ಲವೆಂದು ಫಂಕೋ ಹೇಳಿತು. ಅಷ್ಟು ಹೊತ್ತು ಅಲ್ಲಿನ ನಿರ್ಮಾಪಕರಿಗೆ ವ್ಯಾಪಾರವೂ ಇಲ್ಲ, ವಿಳಾಸವೂ ಇಲ್ಲ.

ಅನುಭವ ಪಡೆದವರು ಈಗ ಕೆಲವು ದಾರಿಗಳನ್ನು ಕಂಡುಕೊಂಡಿರುವರು. ಬಿಡುಗಡೆಗೆ ಮೊದಲೇ ಕಡತವನ್ನು ವೈರಸ್‌ಟೋಟಲ್‌ಗೆ ಒಡ್ಡಿ, ಯಾವ ಯಾವ ಕಂಪೆನಿಗಳು ಆಕ್ಷೇಪಿಸುತ್ತವೆಂದು ನೋಡಿ, ಒಂದೊಂದಕ್ಕೂ ಪುನರ್ವಿಚಾರಣೆಯ ಅರ್ಜಿ ಹಾಕುವರು. ಗಂಟು ಬಿಚ್ಚುವ ತುಣುಕನ್ನು ಸಿದ್ಧರೂಪದಲ್ಲಿ ಎರವಲು ತರದೆ ತಾವೇ ಹೊಸದಾಗಿ ರೂಪಿಸಿಕೊಳ್ಳುವರು. ಕಡತವನ್ನು ಅತಿಯಾಗಿ ಅಡಕಗೊಳಿಸುವ ಸಾಧನಗಳನ್ನು ಬಿಡುವರು, ಅವೂ ಕಳ್ಳರಿಗೆ ಪ್ರಿಯವಾದುವೇ. ಇನ್ನು ಕೆಲವರು ಇಳಿಸಿಕೊಳ್ಳುವ ಗೊಡವೆಯೇ ಬೇಡವೆಂದು ಬ್ರೌಸರಿನೊಳಗೇ ಆಡಬಹುದಾದ ರೂಪವನ್ನು ಕೊಡುವರು. 100 ಡಾಲರ್ ಹೊಂದಿಸಬಲ್ಲವರು ಸ್ಟೀಮಿಗೆ ಹೋಗುವರು. ಅಲ್ಲಿ ಅಂಗಡಿಯ ತಂತ್ರಾಂಶವೇ ಆಟವನ್ನು ತಂದು ಸ್ಥಾಪಿಸುವುದರಿಂದ ನೀಲಿ ಚೌಕ ಸಾಮಾನ್ಯವಾಗಿ ಅಡ್ಡಬರುವುದಿಲ್ಲ.

ಇನ್ನು ಮನೆಯಲ್ಲಿ ಮಕ್ಕಳ ಕಂಪ್ಯೂಟರಿನ ಮೇಲೆ ಆ ಚೌಕ ಕಂಡರೆ ಹಿರಿಯರು ಮಾಡಬೇಕಾದುದೇನು? ಕಾವಲುಗಾರನನ್ನು ಎಂದಿಗೂ ಆರಿಸಕೂಡದು. ಆಟವು ನಿರ್ಮಾಪಕನ ಸ್ವಂತ ಪುಟದಿಂದ ಬಂದುದೋ, ಯಾರೋ ಅಪರಿಚಿತರು ಕಳಿಸಿದ ಕೊಂಡಿಯಿಂದಲೋ ಎಂದು ನೋಡಬೇಕು. ಆ ನಿರ್ಮಾಪಕ ಹಿಂದೆ ಬೇರೆ ಆಟಗಳನ್ನು ಮಾಡಿರುವನೇ, ಜನ ಆಡಿ ಏನೆಂದಿರುವರು ಎಂಬುದನ್ನು ಓದಬೇಕು. ವೈರಸ್‌ಟೋಟಲ್‌ನಲ್ಲಿ 70ರಲ್ಲಿ ಒಂದೆರಡು ಕಂಪೆನಿಗಳು ಮಾತ್ರ ಬೆರಳು ತೋರಿದರೆ ಸುಳ್ಳು ಎಚ್ಚರಿಕೆಯಾಗಿರುವ ಸಂಭವ ಹೆಚ್ಚು. ಆದರೂ ಅದೇ ಖಾತರಿಯಲ್ಲ. ನಾಲ್ಕು ದಿನ ಕಾದು ಮತ್ತೆ ನೋಡುವುದರಿಂದ ನಷ್ಟವೇನಿಲ್ಲ. ‘ವೈರಸ್ ಇದೆ’ ಎಂದು ಎಲ್ಲರಿಗೂ ಸಾರುವ ಮುನ್ನ ನಿರ್ಮಾಪಕನಿಗೇ ಒಂದು ಮಾತು ಬರೆದು ತಿಳಿಸಿದರೆ ಅವನು ಅರ್ಜಿ ಹಾಕಲು ಅನುಕೂಲವಾಗುತ್ತದೆ.

ಅರ್ಜಿ ಮನ್ನಣೆಯಾಗಿ ಆರೋಪ ಕಳಚಿದ ಮೇಲೂ ಅವನ ಕೆಲಸ ಮುಗಿಯುವುದಿಲ್ಲ. ಆಟದಲ್ಲಿ ಒಂದು ಅಲ್ಪವಿರಾಮವನ್ನು ತಿದ್ದಿದರೂ ಕಡತದ ಬೆರಳಚ್ಚು ಸಂಪೂರ್ಣ ಬದಲಾಗುತ್ತದೆ. ಸಹಿಯಿಲ್ಲದವನ ಕೀರ್ತಿ ಮತ್ತೆ ಸೊನ್ನೆಯಿಂದ ಆರಂಭವಾಗಬೇಕು. ಗಿರಾಕಿಗಳು ತೋರಿಸಿದ ದೋಷವನ್ನು ಈ ವಾರವೇ ಸರಿಪಡಿಸಬೇಕೋ, ಅಥವಾ ಹತ್ತು ದೋಷಗಳು ಕೂಡುವವರೆಗೆ ಕಾದು ಒಂದೇ ಸಲ ಅರ್ಜಿ ಹಾಕಬೇಕೋ ಎಂಬುದು ಪ್ರತಿ ತಿದ್ದುಪಡಿಯ ಮುನ್ನವೂ ಅವನೆದುರು ನಿಲ್ಲುವ ಪ್ರಶ್ನೆ.