ಸೊನ್ನೆಯ ಸಮೀಪದ ಲೆಕ್ಕ

ಅವಕಲನವೆಂಬ ಹೆಸರನ್ನು ಕೇಳಿಯೇ ಬೆದರಬೇಕಾದುದಿಲ್ಲ. ಚೌಕವಾದ ಹೂವಿನ ಪಾತಿಯೊಂದರ ಬದಿಯು 5 ಅಡಿ ಎಂದಿಟ್ಟುಕೊಳ್ಳಿರಿ. ಕ್ಷೇತ್ರಫಲವು 25 ಚದರಡಿ. ಬದಿಯನ್ನು 'ಹ' ಅಡಿಯಷ್ಟು ಬೆಳೆಸಿದರೆ ಕ್ಷೇತ್ರಫಲವು 10ಹ + ಹ² ಚದರಡಿ ಹೆಚ್ಚುವುದು. ಇದನ್ನು 'ಹ'ದಿಂದ ಭಾಗಿಸಲು 10 + ಹ ದೊರೆಯುವುದು. 'ಹ'ವು 1 ಆದಾಗ 11, 0.1 ಆದಾಗ 10.1, 0.01 ಆದಾಗ 10.01, ಹೀಗೆ 10ಕ್ಕೆ ಬೇಕಾದಷ್ಟು ಸಮೀಪಿಸಬಹುದು. ಆ 10 ಎಂಬುದೇ ಪರಿಮಿತಿ. ಬದಿಯು 'ಅ' ಆಗಿದ್ದಲ್ಲಿ 2ಅ. ಘನಕ್ಕೆ ಇದೇ ಕ್ರಮದಿಂದ 3ಅ² ಬರುವುದು, ಮಾಡಿ ನೋಡಿರಿ.

ಮೊದಲೇ ಹ = 0 ಎಂದು ಏಕೆ ಇಡಕೂಡದೆಂದು ಜಾಣೆಯರು ಕೇಳುವುದುಂಟು. ಹಾಗಿಟ್ಟರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುವುದು. ಅದಕ್ಕೆ ಅರ್ಥವೇ ಇಲ್ಲ. ಆದಕಾರಣ ಮೊದಲು ಭಾಗಿಸಿ, ಅನಂತರವೇ 'ಹ'ವನ್ನು ಕುಗ್ಗಿಸತಕ್ಕದ್ದು. ಈ ಸ್ಥಳದಲ್ಲಿ ದೊಡ್ಡವರೂ ಎಡವಿರುವರು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, 'ಗಣಿತಸಾರಸಂಗ್ರಹ'ವನ್ನು ರಚಿಸಿದ ನಮ್ಮ ಮಹಾವೀರಾಚಾರ್ಯರು, ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆಂದು ಬರೆದರು. ಆ ಸೂತ್ರದಂತೆ ನಡೆದರೆ ನಮ್ಮ ಪಾತಿಯ ಉತ್ತರವು 10ರ ಬದಲು 0 ಆಗಿಬಿಡುವುದು! ನ್ಯೂಟನ್ನನೂ ಲೈಬ್ನಿಟ್ಸನೂ 17ನೆಯ ಶತಮಾನದಲ್ಲಿ ಸರಿಯಾದ ಉತ್ತರವನ್ನೇ ಪಡೆದರೂ, ಪರಿಮಿತಿಯ ಮಾತನ್ನು ಫ್ರಾನ್ಸಿನ ಕೋಶಿಯು ಸ್ಪಷ್ಟವಾಗಿ ನಿರೂಪಿಸಿದುದು 1821ರಲ್ಲಿ.