ಮರೆವಿನ ಕಾಯಿಲೆ ತಾಯಿಯಿಂದ ಮಗಳಿಗೆ ಬರುತ್ತದಾ?

ಅರವತ್ತಕ್ಕೆ ಅರಳು ಮರಳು ಅಂತಾರೆ. ವಯಸ್ಸಾದ ಮೇಲೆ ಬೀಗದ ಕೈ ಎಲ್ಲಿಟ್ಟೆ ಎಂದು ಮರೆಯುವುದು ಸಹಜ. ಆದರೆ ಕೆಲವರು ಹೆತ್ತ ಮಗಳನ್ನೇ ಮರೆಯುತ್ತಾರೆ. ಮನೆಯ ದಾರಿ ತಪ್ಪುತ್ತಾರೆ. ಇದು ದೆವ್ವದ ಕಾಟ ಅಲ್ಲ. ಮೆದುಳಿನ ಕಾಯಿಲೆ. ಇಂಥ ಕಾಯಿಲೆಗಳಲ್ಲಿ ಮುಖ್ಯವಾದದ್ದು ಅಲ್‌ಜೈಮರ್. 1906ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಡಾಕ್ಟರ ಹೆಸರೇ ಇದಕ್ಕೆ ಬಂತು.

"ಅವ್ವನಿಗೆ ಬಂದಿತ್ತು, ನನಗೂ ಬರುತ್ತದಾ?" ಎಂದು ಹೆಣ್ಣುಮಕ್ಕಳು ಹೆದರುತ್ತಾರೆ. ನಿಜ ಏನು, ನೋಡೋಣ.

ನಮ್ಮ ಮೂಗು, ಕಣ್ಣು, ಮೈಬಣ್ಣ ತಂದೆ ತಾಯಿಯಿಂದ ಬರುತ್ತವೆ. ಇವನ್ನು ತರುವುದಕ್ಕೆ ಜೀನ್ ಎನ್ನುತ್ತಾರೆ. ಎ.ಪಿ.ಓ.ಇ. ಎಂಬ ಜೀನ್ ಎಲ್ಲರಲ್ಲೂ ಇದೆ. ತಾಯಿಯಿಂದ ಒಂದು, ತಂದೆಯಿಂದ ಒಂದು. ಇದರಲ್ಲಿ ಮೂರು ಬಗೆ. ಅವುಗಳ ಹೆಸರು 2, 3, 4. ನಾಲ್ಕರ ಬಗೆ ಇದ್ದವರಿಗೆ ಈ ಕಾಯಿಲೆಯ ಅಪಾಯ ಹೆಚ್ಚು. ಇದು 1993ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಎರಡೂ ಕಡೆಯಿಂದ ನಾಲ್ಕೇ ಬಂದರೆ ಅಪಾಯ ಇನ್ನೂ ಹೆಚ್ಚು.

ಆಮೇಲೆ ಬೇರೆ ಬೇರೆ ದೇಶಗಳ ಜನರನ್ನು ಪರೀಕ್ಷೆ ಮಾಡಿದರು. ಅಪಾಯ ಎಲ್ಲರಿಗೂ ಒಂದೇ ಸಮ ಇರಲಿಲ್ಲ. ಜಪಾನಿನವರಲ್ಲಿ ನಾಲ್ಕರ ಬಗೆಯಿಂದ ಅಪಾಯ ಹೆಚ್ಚು. ಆಫ್ರಿಕಾ ಮೂಲದವರಲ್ಲಿ ಕಡಿಮೆ. ಆಫ್ರಿಕಾದ ನೈಜೀರಿಯಾ ದೇಶದಲ್ಲಿ ಇಬಾದಾನ್ ಎಂಬ ಊರಿದೆ. ಅಲ್ಲಿನ ಜನರಲ್ಲಿ ನಾಲ್ಕರ ಬಗೆ ಬಹಳ. ಅವರನ್ನು ಅಮೆರಿಕದ ಇಂಡಿಯಾನಾಪೊಲಿಸ್ ಊರಿನ ಕಪ್ಪು ಜನರ ಜೊತೆ ಹೋಲಿಸಿದರು. 2001ರಲ್ಲಿ ಲೆಕ್ಕ ಹೊರಬಂತು. ಇಬಾದಾನಿನಲ್ಲಿ ಹೊಸದಾಗಿ ಕಾಯಿಲೆ ಬಂದವರ ಪ್ರಮಾಣ ಅರ್ಧಕ್ಕಿಂತ ಕಡಿಮೆ!

ನಮ್ಮ ದೇಶದ ಹರಿಯಾಣದಲ್ಲೂ ಬಲ್ಲಭಗಡದ ಹಳ್ಳಿಗಳಲ್ಲಿ ನೋಡಿದರು. ಅಲ್ಲಿ ನಾಲ್ಕರ ಬಗೆ ಇದ್ದವರೂ ಕಡಿಮೆ, ಕಾಯಿಲೆಯೂ ಕಡಿಮೆ. ಆದರೆ ಆ ಬಗೆ ಇದ್ದವರಿಗೆ ಅಪಾಯ ಇದ್ದೇ ಇತ್ತು.

ಯಾಕೆ ಹೀಗೆ? ಒಂದೇ ರಾಗಿ ಬೀಜ ಎಲ್ಲ ಹೊಲದಲ್ಲೂ ಒಂದೇ ಥರ ಬೆಳೆಯುತ್ತದಾ? ಮಣ್ಣು, ನೀರು, ಗೊಬ್ಬರ ಎಲ್ಲಾ ಸೇರಬೇಕು. ಹಾಗೇ ಬೇರೆ ಜೀನ್‌ಗಳು, ಬದುಕುವ ರೀತಿ, ಬೇರೆ ಕಾಯಿಲೆಗಳು ಇಲ್ಲಿ ಸೇರುತ್ತವೆ. ನಾಲ್ಕರ ಬಗೆ ಇದ್ದೂ ಕಾಯಿಲೆ ಬಾರದವರು ಇದ್ದಾರೆ. ಇಲ್ಲದೆಯೂ ಬಂದವರು ಇದ್ದಾರೆ. ಬೇರೆ ಜೀನ್‌ಗಳ ದೋಷದಿಂದ ಚಿಕ್ಕ ವಯಸ್ಸಿಗೇ ಈ ಕಾಯಿಲೆ ಬರುವ ಮನೆತನಗಳು ಬಹಳ ಅಪರೂಪ.

ಆದ್ದರಿಂದ "ಅಜ್ಜಿಗೆ ಮರೆವು, ಆ ಮನೆಯ ಹೆಣ್ಣು ಬೇಡ" ಎನ್ನುವುದು ತಪ್ಪು.

ನಮ್ಮ ಕೈಲಿ ಆಗುವುದೂ ಇದೆ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ತಪ್ಪದೆ ಮಾತ್ರೆ ತೆಗೆದುಕೊಳ್ಳಿ. ಕಿವಿ ಮಂದವಾದರೆ ತೋರಿಸಿ. ಬೀಡಿ, ಸಿಗರೇಟು ಬೇಡ. ದಿನಾ ನಡೆಯಿರಿ. ಕಲಿತ ಓದನ್ನು ಬಿಡಬೇಡಿ. ಇವುಗಳಿಂದ ಅಪಾಯ ಕಡಿಮೆ ಆಗುತ್ತದೆ.

ಮನೆಯಲ್ಲಿ ಹಿರಿಯರಿಗೆ ಮರೆವು ಜಾಸ್ತಿ ಆಯಿತೇ? ಬೈಯಬೇಡಿ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.